ಬಗ್ಗದೆ ಕೂತ ವರ್ಷಗಳು

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ಬೋಟಿನಲ್ಲಿ ಬಲೆ ಎಳೆಯುವಾಗ ಜಾರಿ ಬಿದ್ದೆ. ಸೊಂಟ ಹಿಡಿದುಕೊಂಡಿತು. ಕುಂದಾಪುರದ ಡಾಕ್ಟರು, "ಸ್ವಲ್ಪ ದಿನ ಬಗ್ಗಬೇಡಿ, ಭಾರ ಎತ್ತಬೇಡಿ" ಅಂದರು. ಸ್ವಲ್ಪ ದಿನ ಅಂದರೆ ಎಷ್ಟು ಅಂತ ನಾನೂ ಕೇಳಲಿಲ್ಲ, ಹೆಂಡತಿಯೂ ಕೇಳಲಿಲ್ಲ. ಅಂಗಳದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೇ ಕೆಲವು ವರ್ಷ ಕಳೆದೆ. ಕೆಳಗೆ ಬಿದ್ದ ಟವೆಲನ್ನೂ ಅವಳೇ ಹೆಕ್ಕಿ ಕೊಡುತ್ತಿದ್ದಳು. ನನಗೆ ನಾಚಿಕೆಯೂ ಇರಲಿಲ್ಲ, ಸಮಾಧಾನವೂ ಇರಲಿಲ್ಲ. ಬಡಿಸಿದರೆ ಉಣ್ಣುತ್ತಿದ್ದೆ, ಕತ್ತಲಾದರೆ ಮಲಗುತ್ತಿದ್ದೆ.

ಮನೆ ನಡೆದದ್ದು ಅವಳ ಒಣಮೀನಿನಿಂದ. ಅಂಗಳದಲ್ಲಿ ಬಂಗುಡೆ ಒಣಗಿಸಿ, ಬುಟ್ಟಿಗೆ ತುಂಬಿ, ಹಾಲಾಡಿ ಬಸ್ಸು ಹತ್ತುತ್ತಿದ್ದಳು. ತುಂಬಿದ ಬುಟ್ಟಿಯನ್ನು ಒಬ್ಬರೇ ತಲೆಗೇರಿಸಿಕೊಳ್ಳಲು ಆಗುವುದಿಲ್ಲ. ಎದುರು ನಿಂತು ಇನ್ನೊಬ್ಬರು ಎತ್ತಿ ಕೊಡಬೇಕು. ಗಂಡ ಅನ್ನಿಸಿಕೊಂಡವನು ಅಲ್ಲೇ ಕೂತಿರುವಾಗ ಅವಳು ದಾರಿಗೆ ಹೋಗಿ ನಿಲ್ಲುತ್ತಿದ್ದಳು.

"ಹ್ವಾಯ್, ಈ ಬುಟ್ಟಿ ಒಂಚೂರ್ ಎತ್ತಿ ಕೊಡಿ ಕಾಂಬ."

ಯಾರೋ ಬಂದು ಎತ್ತಿ ಕೊಟ್ಟು, ನನ್ನನ್ನೊಮ್ಮೆ ನೋಡಿ ಹೋಗುತ್ತಿದ್ದರು. ನಾನು ತೆಂಗಿನ ಮರ ನೋಡುತ್ತಿದ್ದೆ.

ಕೊನೆಗೆ ದೊಡ್ಡ ಆಸ್ಪತ್ರೆಗೆ ಹೋದೆವು. ಸ್ಕ್ಯಾನ್ ನೋಡಿದ ಡಾಕ್ಟರು ಪೆಟ್ಟು ವಾಸಿಯಾಗಿದೆ ಅಂತ ಹೇಳಿ, ಮನಸ್ಸಿನ ಚಿಕಿತ್ಸೆಯ ಕೋಣೆಗೆ ಕಳಿಸಿದರು. ನನಗೆ ಪಿತ್ತ ನೆತ್ತಿಗೇರಿತು. ನೋವು ಸೊಂಟಕ್ಕೆ, ತಲೆಗಲ್ಲ. ಆದರೆ ಅಲ್ಲಿದ್ದ ಹುಡುಗಿಯಂಥ ಮೇಡಂ ನೋವು ಸುಳ್ಳು ಅನ್ನಲಿಲ್ಲ. "ಬಗ್ಗಿದರೆ ಏನಾಗುತ್ತೆ ಅಂತ ನಿಮಗನ್ನಿಸುತ್ತೆ?" ಅಂತಷ್ಟೇ ಕೇಳಿದರು.

"ಸೊಂಟ ತುಂಡ್ ಆತ್ತ್" ಅಂದೆ.

"ಹಾಗಾದರೆ ನೋಡಿಯೇ ಬಿಡೋಣ" ಅಂತ ಒಂದು ಖಾಲಿ ಬಕೆಟ್ ತಂದು ನನ್ನೆದುರು ಇಟ್ಟರು. ಬೆವರುತ್ತಾ ಬಗ್ಗಿ ಎತ್ತಿದೆ. ನೋವಾಯಿತು, ತುಂಡಾಗಲಿಲ್ಲ. ಮುಂದಿನ ಸಲ ಹೋದಾಗ ಅದರಲ್ಲಿ ನೀರಿತ್ತು. ನೋವು ಬಂದ ಕೂಡಲೇ ಮುರಿಯಿತು ಅಂದುಕೊಳ್ಳುವುದೇ ನನ್ನ ರೋಗ ಅಂತ ಅವರು ತಾಳ್ಮೆಯಿಂದ ತಿಳಿಸಿ ಹೇಳಿದರು. ಎಲ್ಲಕ್ಕಿಂತ ಹೆದರಿಕೆ ಯಾವುದಕ್ಕೆ ಅಂತ ಕೇಳಿದಾಗ, ಹೆಂಡತಿಯ ಬುಟ್ಟಿ ಎತ್ತಿ ಕೊಡುವುದಕ್ಕೆ ಅಂತ ಬಾಯಿಬಿಟ್ಟೆ. ಅದನ್ನು ಮನೆಯಲ್ಲೇ ಮಾಡಬೇಕು ಅಂದರು.

ಆ ವಾರ ಅವಳು ಬುಟ್ಟಿ ಹಿಡಿದು ದಾರಿಗೆ ಹೊರಟಾಗ ಕುರ್ಚಿಯಿಂದ ಎದ್ದೆ.

"ಕೆಳ್ಗೆ ಇಡ್. ನಾ ಎತ್ತಿ ಕೊಡ್ತೆ."

"ಬ್ಯಾಡ. ನಿಮ್ಗೆ ಎಂತಾರೂ ಆರೆ ಯಾರ್ ಕಾಂಬುದ್?" ಅಂದಳು, ನನಗೇನಾದರೂ ಆದೀತೆಂದು ಹೆದರಿ. ನಾನು ಅಲ್ಲಿಂದ ಕದಲಲಿಲ್ಲ. ಅವಳು ನನ್ನ ಮುಖ ನೋಡಿ, ಏನೋ ಮರೆತವಳಂತೆ ಬುಟ್ಟಿ ಸಮೇತ ಒಳಗೆ ಹೋದಳು. ವಾಪಸು ಬಂದು ಅದನ್ನು ನನ್ನ ಕಾಲ ಬುಡದಲ್ಲಿಟ್ಟು, ತಲೆಯ ಮೇಲೆ ಬಟ್ಟೆಯ ಸಿಂಬಿ ಇಟ್ಟುಕೊಂಡಳು. ಬಗ್ಗಿದೆ, ಎತ್ತಿದೆ, ಅವಳ ತಲೆಗಿಟ್ಟೆ. ಇಷ್ಟೇನಾ ಅನ್ನಿಸಿತು. ಖುಷಿಯೇನೂ ಆಗಲಿಲ್ಲ. ಅವಳು ಬಸ್ಸಿಗೆ ಹೋದಳು.

ನೀರು ಕುಡಿಯಲು ಒಳಗೆ ಹೋದರೆ ಬಾಗಿಲ ಹಿಂದೆ ಬಾಯಿ ಕಟ್ಟಿದ ಒಂದು ದೊಡ್ಡ ಪ್ಲಾಸ್ಟಿಕ್ ತೊಟ್ಟೆ ಇತ್ತು. ಬಿಚ್ಚಿ ನೋಡಿದೆ. ಬುಟ್ಟಿಯಲ್ಲಿದ್ದ ಬಂಗುಡೆಯಲ್ಲಿ ಅರ್ಧವನ್ನು ನನಗೆ ಭಾರವಾಗದಿರಲಿ ಅಂತ ಅದಕ್ಕೆ ಸುರಿದಿಟ್ಟಿದ್ದಳು. ಅಷ್ಟು ವರ್ಷ ಯಾವುದಕ್ಕೂ ಏನೂ ಅನ್ನಿಸದಿದ್ದ ನನಗೆ ಆಗ ಎದೆ ಚುರುಕ್ಕೆಂದಿತು. ನನ್ನ ಹೆದರಿಕೆಯನ್ನು ಅವಳಿಗೂ ಅಂಟಿಸಿಬಿಟ್ಟಿದ್ದೆ.

ಮುಂದಿನ ಸಲ ಅವಳು ಬುಟ್ಟಿ ತಂದಿಟ್ಟ ಮೇಲೆ ನಾನೇ ಒಳಗೆ ಹೋಗಿ, ಆ ಸಲವೂ ಬಾಗಿಲ ಹಿಂದೆ ಇಟ್ಟಿದ್ದ ತೊಟ್ಟೆಯನ್ನು ಹೊರಗೆ ತಂದೆ.

"ಇದ್ನೂ ಹಾಕ್."

"ಎಂತಾರೂ ಆರೆ?"

"ಆರೆ ಕಾಂಬ" ಅಂದೆ, ಮೇಡಂ ನೋಡಿಯೇ ಬಿಡೋಣ ಅಂದ ಹಾಗೆ.

ಅವಳು ಮೀನು ಸುರಿದಳು. ನಾನು ಬಗ್ಗಿ ಎತ್ತಿದೆ. ಹಿಂದಿನ ಸಲದ ಎರಡರಷ್ಟು ಭಾರವಿತ್ತು. ಅಷ್ಟು ವರ್ಷ ಅವಳು ಹೊತ್ತದ್ದು ಎಷ್ಟು ಅಂತ ನನಗೆ ಗೊತ್ತಾದದ್ದು ಅವತ್ತೇ.