ಗೇಟಿಗೆ ಬಂದ ಖಾಜಾ ಚಾಚಾ

ಆಗ ಭಾಲ್ಕಿಯಲ್ಲಿ ನಿಜಾಮನ ರಾಜ್ಯ. ಮಕ್ಕಳನ್ನು ಯಾವ ಶಾಲೆಗೆ ಹಾಕಬೇಕೆಂದು ಈಗಿನವರಂತೆ ಹತ್ತು ಕಡೆ ಅಲೆಯುವ ಕಾಟ ನಮ್ಮ ಹಿರಿಯರಿಗೆ ಇರಲಿಲ್ಲ. ಇದ್ದದ್ದೇ ಎರಡು. ಒಂದು ಉರ್ದು ಕಲಿಸುವ ಸರಕಾರಿ ಶಾಲೆ, ಇನ್ನೊಂದು ಊರವರೇ ಕೂಡಿ ನಡೆಸುತ್ತಿದ್ದ ಕನ್ನಡದ ಬೋರ್ಡಿಂಗ್. ಔರಾದ, ಕಮಲನಗರ ಕಡೆಯ ಹುಡುಗರು ಅಲ್ಲೇ ಉಂಡು ಅಲ್ಲೇ ಮಲಗುತ್ತಿದ್ದರು. ಊರಿನ ನಾಲ್ಕೈದು ಮಕ್ಕಳು ಮಾತ್ರ ಮನೆಯಿಂದ ಹೋಗಿ ಬರುವವರು.

ನನ್ನ ಸರದಿ ಬಂದಾಗ ಮನೆಯಲ್ಲಿ ಎರಡು ದಿನ ಜಗಳ. ಅಪ್ಪನಿಗೆ ಬೋರ್ಡಿಂಗೇ ಆಗಬೇಕು.

"ಹೆಣ್ಣ ಕೂಸಿಗಿ ಮಂದಿ ಮನ್ಯಾಗ ಮಲಗಸ್ತೀರೇನ್ರಿ? ನಿಮ್ಮ ಎದಿ ಏನ್ ಕಲ್ಲೇನು?" ಎಂದು ಅವ್ವ ರೊಟ್ಟಿ ಬಡಿಯುವುದನ್ನೇ ನಿಲ್ಲಿಸಿಬಿಟ್ಟಳು.

ಹೋಗಿ ಬರಲಿ ಎಂದರೆ ಸಂಜೆ ಕರೆತರುವವರು ಯಾರು? ಅಪ್ಪ ತೊಗರಿ ವ್ಯಾಪಾರದವರು, ಅಂಗಡಿ ಬಿಟ್ಟು ಅಲುಗುವಂತಿರಲಿಲ್ಲ. ನಿಜಾಮನ ಪರ ಬಂದೂಕು ಹಿಡಿದಿದ್ದ ರಜಾಕಾರರ ಹಾವಳಿಯ ಕಾಲ ಬೇರೆ.

ತಂಟೆ ಬಗೆಹರಿಸಿದವರು ಪಕ್ಕದ ಮನೆಯ ಖಾಜಾ ಚಾಚಾ. ಸರಕಾರಿ ಶಾಲೆಯ ಉರ್ದು ಮಾಸ್ತರರು ಅವರೇ!

"ನಮ್ಮ ಸಾಲಿಗಿ ಹಾಕಬ್ಯಾಡ್ರಿ ಅಣ್ಣಾ. ಕೂಸಿಗಿ ಮದಲ ಅವ್ವನ ಮಾತಿನ್ಯಾಗ ಅಕ್ಷರ ಬರಬೇಕು. ಸಂಜಿಗಿ ಕರ್ಕೊಂಡ್ ಬರೋದು ನನ್ನ ಜಿಮ್ಮಾ."

ಬೋರ್ಡಿಂಗಿನಲ್ಲಿ ಒಂದು ಕಟ್ಟುನಿಟ್ಟಿತ್ತು. ಹೋಗಿ ಬರುವ ಮಕ್ಕಳನ್ನು ರಿಜಿಸ್ಟರಿನಲ್ಲಿ ಹೆಸರಿದ್ದ ಹಿರಿಯರ ಕೈಗಷ್ಟೇ ಬಿಡಬೇಕು. ನನ್ನ ಹೆಸರಿನ ಮುಂದೆ ಚಾಚಾ ಹೆಸರು ಬರೆಸಿದರು ಅಪ್ಪ.

ಮಧ್ಯಾಹ್ನ ಒಳಗಿನವರ ಪಂಕ್ತಿಯಿಂದ ಪುಂಡಿಪಲ್ಯದ ವಾಸನೆ ಬರುತ್ತಿತ್ತು. ನಾವು ಬೇವಿನ ಗಿಡದ ಕೆಳಗೆ ಕೂತು ತಣ್ಣನೆಯ ರೊಟ್ಟಿ ಅಗಿಯಬೇಕು. ಹೊಟ್ಟೆಕಿಚ್ಚಿನಿಂದ ಸಾಯುತ್ತಿದ್ದೆ. ಆದರೆ ಸಂಜೆ ಗಂಟೆ ಹೊಡೆದರೆ ನಾನೇ ರಾಣಿ. ಚಾಚಾ ಶೇರವಾನಿ ಜೇಬಿನಲ್ಲಿ ಹುರಿದ ಶೇಂಗಾ ತರುತ್ತಿದ್ದರು. ಮಸಿ, ಅತ್ತರು, ಶೇಂಗಾ ಎಲ್ಲ ಕೂಡಿದ ವಾಸನೆ ಅವರದು. ದಾರಿಯುದ್ದಕ್ಕೂ ನಾನು ಕಾಗುಣಿತ ಹೇಳಿಕೊಡಬೇಕು, ಅವರು ಬೇಕಂತಲೇ ತಪ್ಪಬೇಕು. ಎದುರಿಗೆ ಬಂದೂಕು ಹಿಡಿದ ರಜಾಕಾರರು ಬಂದರೆ ನನ್ನ ಕೈಯನ್ನು ಬಿಗಿಹಿಡಿದು, "ನಮ್ಮ ಮನಿ ಕೂಸು" ಎಂದು ಮುಂದೆ ನಡೆಯುತ್ತಿದ್ದರು. ಒಬ್ಬರೂ ನನ್ನ ಕಡೆ ಕಣ್ಣೆತ್ತಿ ನೋಡಲಿಲ್ಲ.

ಆಮೇಲೆ ಹಿಂದೂಸ್ತಾನದ ಫೌಜು ಬಂತು, ನಿಜಾಮನ ಆಟ ಮುಗಿಯಿತು. ಆ ಗಲಾಟೆಯಲ್ಲಿ ಮುಚ್ಚಿದ್ದ ಶಾಲೆ ಮತ್ತೆ ತೆರೆಯಿತು. ರಜಾಕಾರರ ಮೇಲಿನ ಸಿಟ್ಟು ಎಲ್ಲ ಮುಸಲ್ಮಾನರ ಮೇಲೆ ತಿರುಗಿತ್ತು, ಈಗ ಹೊರಗೆ ಬರಲು ಹೆದರುವ ಸರದಿ ಚಾಚಾರದು. ತೆರೆದ ದಿನ ಬೆಳಿಗ್ಗೆ ಅಪ್ಪನೇ ಬಿಟ್ಟುಹೋದರು, ಸಂಜೆಯೂ ನಾನೇ ಬರುತ್ತೇನೆ ಎಂದಿದ್ದರು. ಗಂಟೆ ಹೊಡೆಯಿತು, ಅಪ್ಪ ಬರಲಿಲ್ಲ. ಚಾಚಾ ಬಂದರು, ಕೈಯಲ್ಲಿ ಎರಡು ಸೀತಾಫಲ.

ಗೇಟಿನಲ್ಲಿ ಬಡಿಗೆ ಹಿಡಿದ ಏಳೆಂಟು ಗಂಡಸರಿದ್ದರು. ಯಾವ ಊರಿನವರೋ ಏನೋ.

"ಅಣ್ಣಾರ ಇನ್ನಾ ಬಂದಿಲ್ಲ, ಕೂಸು ಅಳ್ತದಂತ ಬಂದೀನ್ರಿ. ರಿಜಿಸ್ಟರ್ ನೋಡ್ರಿ, ನನ್ನ ಹೆಸರದ."

"ಆ ಹೆಸರು ಇನ್ನ ನಡಿಯಂಗಿಲ್ಲ. ಹಿಂದಕ ನಡಿ!" ಎಂದ ಒಬ್ಬ. ನೂರಾರು ಮಕ್ಕಳಿಗೆ ಅಕ್ಷರ ಕಲಿಸಿದವರಿಗೆ ಏಕವಚನ.

"ನಮ್ಮ ಚಾಚಾರೀ!" ಎಂದು ಕಿರುಚಿ ಓಡಿದೆ. ದಿನಾ ಚಾಚಾಗೆ ಸಲಾಂ ಹೇಳುತ್ತಿದ್ದ ನಮ್ಮ ಹೆಡ್‌ಮಾಸ್ತರರು ನನ್ನ ರಟ್ಟೆ ಹಿಡಿದರು.

"ಸುಮ್ನಿರವ್ವಾ, ಅವರು ಜೀವಂತ ಮನಿ ಮುಟ್ಲಿ" ಎಂದರು ಮೆಲ್ಲಗೆ.

ಚಾಚಾ ಸೀತಾಫಲಗಳನ್ನು ಗೇಟಿನ ಕೆಳಗಿನಿಂದ ಒಳಗೆ ಸರಿಸಿದರು. "ಅಪ್ಪ ಬರೋತನಕ ಒಳಗೇ ಕೂಡು ಬೇಟಾ, ಒಬ್ಬಾಕೀನೇ ಬರಬ್ಯಾಡ" ಎಂದರು. ಬೆನ್ನು ತಿರುಗಿಸಿ ಒಬ್ಬರೇ ನಡೆದರು. ಅವರ ಕೈ ಹಿಡಿದುಕೊಂಡು ಹೋಗಲು ಯಾರೂ ಇರಲಿಲ್ಲ. ನನ್ನನ್ನು ಬಿಡಲಿಲ್ಲವಲ್ಲ!

ಕತ್ತಲಾದ ಮೇಲೆ ಅಪ್ಪ ಬಂದು ನನ್ನನ್ನು ಕರೆದೊಯ್ದರು. ಚಾಚಾ ಮನೆ ಮುಟ್ಟಿದ್ದರಂತೆ. ಆದರೆ ನಾಲ್ಕು ದಿನದಲ್ಲಿ ಪಕ್ಕದ ಮನೆಗೆ ಬೀಗ. ಹೈದರಾಬಾದಿಗೆ ಹೋದರು ಎಂದರು ಕೆಲವರು. ಅಪ್ಪ ಬೀದರಿಗೆ ಹೋಗಿ ಅವರ ಬೀಗರನ್ನೂ ವಿಚಾರಿಸಿ ಬಂದರು, ಗುರುತು ಹತ್ತಲಿಲ್ಲ. ಸೀತಾಫಲ ಹಣ್ಣಾಗಿ, ಕೊಳೆತು, ಅವ್ವ ಎಸೆಯುವವರೆಗೂ ನಾನು ಮುಟ್ಟಲಿಲ್ಲ.

ಮೊನ್ನೆ ಮೊಮ್ಮಗಳು ತನ್ನ ಮಗನಿಗೆ ಬೀದರಿನಲ್ಲಿ ಹಾಸ್ಟೆಲ್ ಇರುವ ಶಾಲೆ ಆರಿಸಿದಳು. ಅವನೂ ಮನೆಯಿಂದಲೇ ಹೋಗಿ ಬರುವವನು. ಫಾರಂ ತುಂಬುವಾಗ ಪೆನ್ನು ಕಚ್ಚುತ್ತ ಕೂತಳು.

"ಅಪ್ಪ ಅವ್ವ ಬಿಟ್ಟು ಕೂಸಿಗಿ ಕರ್ಕೊಂಡ್ ಹೋಗೋರ ಹೆಸರು ಕೇಳ್ಯಾರ ಆಯಿ. ಯಾರದು ಬರೀಲಿ? ಬಾಜು ಮನಿಯೋರ ಹೆಸರೇ ನಮಗ ಗೊತ್ತಿಲ್ಲ."

ನನಗೊಂದು ಹೆಸರು ಗೊತ್ತಿತ್ತು. ಆ ಹೆಸರಿನವರನ್ನು ನಾವು ಗೇಟಿನಿಂದಲೇ ತಿರುಗಿಸಿ ಕಳಿಸಿದ್ದೆವು.