ಮಣ್ಣೆತ್ತುಗಳು ನೀರಿಗಿಳಿದ ದಿನ

ದೆವ್ವ, ಪವಾಡ, ಕನಸಿನಲ್ಲಿ ಬಂದ ಹಿರಿಯರು ಎಂದೆಲ್ಲ ಮಾತು ಶುರುವಾದರೆ ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋಗುವ ಜಾತಿ ನನ್ನದು. ದಿಲ್‌ಸುಖ್‌ನಗರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿದವಳು ನಾನು. ಕಪ್ಪೆ ಕೊಯ್ದ ಕೈಗೆ ದೆವ್ವ ಸಿಗುವುದಿಲ್ಲ ಎಂದು ಹುಡುಗಿಯರಿಗೆ ತಮಾಷೆ ಮಾಡುತ್ತಿದ್ದೆ. ಈಗ ಹೇಳಹೊರಟಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ, ನೀವೂ ನಂಬಬೇಕೆಂದಿಲ್ಲ.

ನನ್ನ ಗಂಡ ರಕ್ಷಣಾ ಇಲಾಖೆಯ ನೌಕರಿಯಲ್ಲಿದ್ದರು. ಹೈದರಾಬಾದಿನಲ್ಲಿ ನಮ್ಮ ಕ್ವಾರ್ಟರ್ಸಿನ ಹಿಂದೆ ಒಂದು ಹಾಸುಬಂಡೆ, ಅದರ ನಡುವೆ ಒಂದು ತಗ್ಗು. ಮಳೆಗಾಲದಲ್ಲಿ ಅದು ಹೊಂಡ, ಬೇಸಿಗೆಯಲ್ಲಿ ಬಿರುಕುಬಿಟ್ಟ ಮಣ್ಣು. ನೀರು ನಿಂತ ಮೇಲೆ ಅಲ್ಲಿ ಸಿಗಡಿಯ ದಾಯಾದಿಗಳಾದ ಪುಟ್ಟ ಜೀವಿಗಳು ಹುಟ್ಟುತ್ತಿದ್ದವು. ಗಾಜಿನಂಥ ಮೈ, ಈಜುವುದು ಅಂಗಾತ. ಹೊಂಡ ಬತ್ತುವುದರೊಳಗೆ ಬೆಳೆದು, ಮೊಟ್ಟೆಯಿಟ್ಟು ಸಾಯುತ್ತವೆ. ಆ ಮೊಟ್ಟೆಗಳು ಒಣಮಣ್ಣಿನಲ್ಲಿ ವರ್ಷಗಟ್ಟಲೆ ನಿದ್ದೆ ಮಾಡಬಲ್ಲವು. ನೀರು ಬಿತ್ತೆಂದು ಎಲ್ಲವೂ ಒಟ್ಟಿಗೆ ಏಳುವುದಿಲ್ಲ. ಕೆಲವು ಏಳುತ್ತವೆ, ಉಳಿದವು ಇನ್ನೊಂದು ಮಳೆಗೆ ಕಾಯುತ್ತವೆ. ಒಂದೇ ಮಳೆಯನ್ನು ನಂಬಿ ಎದ್ದುಬಿಟ್ಟರೆ, ಅದು ಕೈಕೊಟ್ಟಾಗ ವಂಶವೇ ಹೋಗುತ್ತದಲ್ಲ. ಇದು ನಾನು ತರಗತಿಯಲ್ಲಿ ಹೇಳುತ್ತಿದ್ದ ಪಾಠ, ಇದರಲ್ಲಿ ವಿಚಿತ್ರವೇನೂ ಇಲ್ಲ.

ಅಪ್ಪ ತೀರಿಕೊಂಡ ಮೇಲೆ ಅವ್ವ ಗದಗಿನಿಂದ ಬಂದು ನಮ್ಮ ಜೊತೆಗಿದ್ದಳು. ಅವಳಿಗೂ ಆ ಮಣ್ಣು ಬೇಕಾಗುತ್ತಿತ್ತು. ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ಅದನ್ನು ತಂದು ಕಲಸಿ ಜೋಡಿ ಎತ್ತು ಮಾಡುವಳು. ಅವಕ್ಕೆ ಮೇವು ಹಾಕಲು ಪುಟ್ಟ ಗ್ವಾದಲಿ, ಕಣ್ಣಿಗೆ ಗುಲಗಂಜಿ. ಪೂಜೆ ಮುಗಿದ ಮೇಲೆ ಮಳೆ ಬಿದ್ದು ಹೊಂಡ ತುಂಬಿದಾಗ ಅಲ್ಲಿಗೇ ಒಯ್ದು ಬಿಡುವಳು.

ಒಂದು ವರ್ಷ ಪೂಜೆಯಾಗಿ ಮಳೆ ಬರುವಷ್ಟರಲ್ಲಿ ಬಂಡೆಯ ಸುತ್ತ ತಗಡಿನ ಬೇಲಿ ಬಿತ್ತು. ಸಾಫ್ಟ್‌ವೇರ್ ಕಂಪನಿಗಳಿಗೆಂದು ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ಬಂಡೆ ಸಿಡಿಸಿದರು, ಹೊಂಡವೂ ಹೋಯಿತು. ಬೇರೆ ಕೆರೆಗೆ ಬಿಡೋಣ ಎಂದರೆ ಅವ್ವ ಒಪ್ಪಲಿಲ್ಲ. "ಎಲ್ಲಿ ಮಣ್ಣು ಅಲ್ಲೇ ಸೇರಬೇಕವಾ. ಕಂಡಕಂಡಲ್ಲಿ ಬಿಡಾಕ ಅವೇನು ಬಿಡಾಡಿ ದನಾನ?" ಎಂದಳು. ನಾವು ಮಲ್ಕಾಜ್‌ಗಿರಿಯ ಸ್ವಂತ ಫ್ಲಾಟಿಗೆ ಬಂದಾಗ ಎತ್ತುಗಳೂ ಬಂದು ದೇವರ ಗೂಡಿನಲ್ಲಿ ಕೂತವು.

ಕೆಲವು ವರ್ಷಗಳಲ್ಲಿ ಅವ್ವನಿಗೆ ಮರೆವು ಹತ್ತಿತು. ಮೊದಲು ಊರು ಹೋಯಿತು, ಆಮೇಲೆ ಅಪ್ಪ ಸತ್ತದ್ದು, ಕೊನೆಗೆ ನಾನು. ಊಟಕ್ಕೆ ಕರೆದರೆ, "ನೀವು ಯಾರ ಪೈಕಿರೀ ಬಾಯಾರ? ನಮ್ಮ ಶಾಂತಾ ಸಾಲಿಂದ ಬಂದ್ಲೇನ್ರಿ?" ಎಂದು ನನ್ನನ್ನೇ ಕೇಳುವಳು. "ನಾನ ಬೇ ಶಾಂತಾ" ಎಂದರೆ ಪರರ ಮನೆಯ ಹೆಂಗಸಿಗೆ ನಕ್ಕಂತೆ ಮರ್ಯಾದೆಯಿಂದ ನಗುವಳು. ಇನ್ನೊಂದೇ ಸಲ ನನ್ನ ಮುಖ ನೋಡಿ, ಗುರುತು ಹಿಡಿದು, ಹೆಸರಿಟ್ಟು ಕರೆಯಲಿ. ನನಗೆ ಬೇಕಾಗಿದ್ದು ಅಷ್ಟೇ. ಅವಳ ಬದಲಿಗೆ ದೀಪ ಹಚ್ಚುತ್ತಿದ್ದ ನಾನು, ದೇವರನ್ನು ನಂಬದವಳು, ದಿನಾ ಇದನ್ನೇ ಕೇಳುತ್ತಿದ್ದೆ.

ಅದು ಬಿರುಬೇಸಿಗೆ. ಬೆಳಿಗ್ಗೆ ದೀಪ ಹಚ್ಚುವಾಗ ಎತ್ತುಗಳ ಧೂಳು ಒರೆಸಿದೆ. ಒಣಗಿ ಕಲ್ಲಾಗಿದ್ದವು. ಬಟ್ಟೆ ಒಗೆದ ಬೋಗುಣಿಯನ್ನು ಬಾಲ್ಕನಿಯಲ್ಲಿ ಬೋರಲು ಹಾಕಿ ಕಾಲೇಜಿಗೆ ಹೋದೆ. ಅವ್ವನನ್ನು ನೋಡಿಕೊಳ್ಳಲು ಪಕ್ಕದ ಮನೆಯ ತೆಲುಗು ಆಂಟಿ ಬಂದುಹೋಗುತ್ತಿದ್ದರು.

ಸಂಜೆ ಬಂದಾಗ ಅವ್ವ ಬಾಲ್ಕನಿಯಲ್ಲಿ ಕೂತಿದ್ದಳು, ಮುಂದೆ ನೀರು ತುಂಬಿದ ಬೋಗುಣಿ. ಎತ್ತುಗಳು ಕರಗಿ ತಳದಲ್ಲಿ ಕೆಸರಾಗಿದ್ದವು, ಗುಲಗಂಜಿ ಮಾತ್ರ ಕೆಂಪಗೆ ಕಾಣುತ್ತಿದ್ದವು. ಅದರ ಮೇಲೆ ಹೊಂಡದ ಆ ಜೀವಿಗಳು ಅಂಗಾತ ಈಜುತ್ತಿದ್ದವು. ಆಗತಾನೆ ಮೊಟ್ಟೆಯೊಡೆದು ಬಂದ ಮರಿಗಳಾಗಿದ್ದಿದ್ದರೆ ಹೇಗೋ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅವು ಬೆಳೆದಿದ್ದವು, ಮೊಟ್ಟೆಯ ಚೀಲ ಹೊತ್ತಿದ್ದವು. ಅಷ್ಟು ಬೆಳೆಯಲು ಏನಿಲ್ಲವೆಂದರೂ ವಾರ ಬೇಕು.

ಅವ್ವ ತಿರುಗಿ ನೋಡಿದಳು. "ಈಗ ಬಂದೇನ ಶಾಂತಾ? ಭಾಳ ತಡಾ ಮಾಡಿದಿ ನೋಡು. ನಾವೆಲ್ಲಾ ಆಗಳೇ ಎದ್ದೀವಿ" ಎಂದಳು.

ನಾನು ಅಲ್ಲೇ ಕೂತು ಅತ್ತೆ. ಅವಳು ಒದ್ದೆ ಕೈಯಿಂದಲೇ ನನ್ನ ಮುಖ ಒರೆಸಿ, "ಹಸದೀಯೇನು?" ಎಂದು ಕೇಳಿದಳು. ದೀಪ ಹಚ್ಚುವ ಹೊತ್ತಿನವರೆಗೂ ಅವ್ವ ನನ್ನ ಅವ್ವನಾಗಿದ್ದಳು. ಮರುದಿನ ನಾನು ಮತ್ತೆ ಬಾಯಾರು.

ಆ ದಿನ ಮಧ್ಯಾಹ್ನ ಊಟ ಮಾಡಿಸಿ ಹೋಗುವಾಗಲೂ ಎತ್ತುಗಳು ಗೂಡಿನಲ್ಲೇ ಇದ್ದವೆಂದು ಆಂಟಿ ಹೇಳಿದರು. ನೀರಿನಲ್ಲೇ ಬಂದಿರಬಹುದೆಂದು ಟ್ಯಾಂಕು ಹತ್ತಿ ನೋಡಿದೆ, ಸೊಳ್ಳೆಮರಿ ಕೂಡ ಇರಲಿಲ್ಲ. ನನ್ನದೇ ಭ್ರಮೆ ಎನ್ನೋಣವೆಂದರೆ, ಆ ಜೀವಿಗಳು ಆಮೇಲೂ ಕೆಲವು ದಿನ ಬೋಗುಣಿಯಲ್ಲಿದ್ದವು, ನನ್ನ ಗಂಡನೂ ನೋಡಿದರು.

ಅವ್ವ ಮುಂದಿನ ಮಳೆಗಾಲಕ್ಕೆ ಇರಲಿಲ್ಲ. ಒಣಗಿದ ಆ ಮಣ್ಣು ಉಪ್ಪಿನಕಾಯಿ ಭರಣಿಯೊಂದರಲ್ಲಿ ಈಗಲೂ ನನ್ನ ಹತ್ತಿರ ಇದೆ. ಮೊಟ್ಟೆಗಳು ಅದರಲ್ಲಿ ಇರಲೇಬೇಕು. ನೀರು ಹಾಕಿದರೆ ಎಷ್ಟು ಹೊತ್ತಿಗೆ ಏಳುತ್ತವೆಂದು ನೋಡಿಬಿಡಬಹುದು. ವಿದ್ಯಾರ್ಥಿನಿ ಯಾರಾದರೂ ಕೇಳಿದ್ದರೆ ಅದನ್ನೇ ಮಾಡು ಎನ್ನುತ್ತಿದ್ದೆ. ಪ್ರತಿ ಮಣ್ಣೆತ್ತಿನ ಅಮಾವಾಸ್ಯೆಗೆ ಭರಣಿ ಇಳಿಸುತ್ತೇನೆ, ತಂಬಿಗೆಯಲ್ಲಿ ನೀರೂ ತರುತ್ತೇನೆ. ಹಾಕಲು ಕೈ ಬರುವುದಿಲ್ಲ. ಅವು ಏಳಬಹುದು. ತಡ ಮಾಡಿದಿ ಎಂದು ಬೈಯಲು ಅವ್ವ ಇರುವುದಿಲ್ಲ.