ಹೊರಗೆ ಮುಖ ಮಾಡಿ ನಿಂತವರು

ಅವರ ಮುಖಕ್ಕಿಂತ ಬೆನ್ನೇ ನನಗೆ ಚೆನ್ನಾಗಿ ನೆನಪಿದೆ. ಬಿಸಿಲಿಗೆ ಬಣ್ಣ ಬಿಟ್ಟ ನೀಲಿ ಅಂಗಿ, ಬೆವರು ಒಣಗಿ ಹೆಗಲುಗಳ ನಡುವೆ ಮೂಡಿದ ಬಿಳಿ ಉಪ್ಪಿನ ಗೆರೆ, ಎಡ ಭುಜದ ಹತ್ತಿರ ಕಪ್ಪು ದಾರದ ಹೊಲಿಗೆ. ಗೋಕಾಕದ ಬಸ್ ನಿಲ್ದಾಣದಿಂದ ಸ್ವಲ್ಪ ದೂರದ ಒಂದು ಎಟಿಎಂನಲ್ಲಿ ಅವರು ಕಾವಲುಗಾರರಾಗಿದ್ದರು. ಯಾರಾದರೂ ಒಳಗೆ ಹೋದರೆ ಸಾಕು, ಬಾಗಿಲಲ್ಲಿ ನಿಂತು, ಯಂತ್ರಕ್ಕೆ ಬೆನ್ನು ಕೊಟ್ಟು, ಬೀದಿಯ ಕಡೆ ಮುಖ ಮಾಡುತ್ತಿದ್ದರು. ಹಣ ಕಿಸೆಗೆ ಸೇರುವ ತನಕ ತಿರುಗುತ್ತಿರಲಿಲ್ಲ.

ಅವರದು ಕುಲಗೋಡದ ಕುರಿ ಕಾಯುವ ಮನೆತನ. ಮೊಣಕಾಲು ಸೋತ ಮೇಲೆ ಕುರಿಗಳನ್ನು ಮಗನಿಗೆ ಒಪ್ಪಿಸಿ ಈ ಕೆಲಸಕ್ಕೆ ಸೇರಿದ್ದರು. ಎಲ್ಲರೂ ಅವರನ್ನು ವಾಚಮನ್ ಕಾಕಾ ಎನ್ನುತ್ತಿದ್ದರು. ನಾನು ಮಾತ್ರ "ಏ ವಾಚಮನ್" ಎನ್ನುತ್ತಿದ್ದೆ. ನನಗಿಂತ ಐದಾರು ವರ್ಷ ಚಿಕ್ಕವರು ಎಂಬುದು ನೆಪ. ನಾನು ಎಸ್ಸೆಸ್ಸೆಲ್ಸಿ ಪಾಸಾಗಿ ಮೂವತ್ತು ವರ್ಷ ಬಸ್ಸಿನ ಕಂಡಕ್ಟರ್ ಆಗಿದ್ದವನು, ಅವರು ಮೂರನೇ ಇಯತ್ತೆಗೆ ಶಾಲೆ ಬಿಟ್ಟವರು ಎಂಬುದು ನಿಜವಾದ ಕಾರಣ.

ಯಂತ್ರದ ಮೇಲೆ ಸಿಟ್ಟೇನೋ, ಯಾವಾಗಲೂ ಬೆನ್ನು ತಿರುಗಿಸಿ ನಿಲ್ಲುತ್ತೀಯಲ್ಲ ಎಂದು ಒಮ್ಮೆ ಕೆಣಕಿದ್ದೆ. ಅವರು ನಗಲಿಲ್ಲ.

"ಹಟ್ಟಿ ಕಾಯೋ ನಾಯಿ ಕುರಿ ಕಡೆ ಮಾರಿ ಮಾಡಿ ಕುಂಡ್ರೂದಿಲ್ರಿ, ಸಾಹೇಬ್ರ. ತೋಳ ಬರೂದು ಹೊರಗಿಂದ."

ಅವರ ಇನ್ನೊಂದು ನೇಮವೆಂದರೆ ಯಾರ ಕಾರ್ಡನ್ನೂ ಮುಟ್ಟುತ್ತಿರಲಿಲ್ಲ. ಒಬ್ಬ ಮುದುಕನ ಕಾರ್ಡು ನೆಲಕ್ಕೆ ಬಿದ್ದಾಗ, ಬಗ್ಗಲಾರದ ಅವನನ್ನು ರಟ್ಟೆ ಹಿಡಿದು ಬಗ್ಗಿಸಿ, ಅವನ ಕೈಯಿಂದಲೇ ಎತ್ತಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಷ್ಟು ಹೊತ್ತಿನಲ್ಲಿ ತಾನೇ ಎತ್ತಿಕೊಡಬಹುದಿತ್ತಲ್ಲ ಎಂದು ಸಾಲಿನಲ್ಲಿದ್ದವರೆಲ್ಲ ನಕ್ಕಿದ್ದೆವು. ಕಿಟಕಿಯ ಕಟ್ಟೆಯ ಮೇಲೆ ಉಗುರಿಗೆ ಹಚ್ಚುವ ಕೆಂಪು ಬಣ್ಣದ ಸಣ್ಣ ಬಾಟಲಿ ಇಟ್ಟುಕೊಂಡಿರುತ್ತಿದ್ದರು. ಓದಲು ಬಾರದವರು ತಮ್ಮ ಕಾರ್ಡಿನ ಮೂಲೆಗೆ ತಾವೇ ಒಂದು ಬೊಟ್ಟು ಇಟ್ಟುಕೊಳ್ಳಬೇಕು. ಯಾರಾದರೂ ಕಾರ್ಡು ಅದಲುಬದಲು ಮಾಡಿದರೆ ಅಲ್ಲೇ ಗೊತ್ತಾಗುತ್ತದೆ. ಕುರಿಗೆ ಗುರುತು ಹಾಕುತ್ತೇವೆ, ಇದಕ್ಕೇಕೆ ಬೇಡ ಎಂಬುದು ಅವರ ವಾದ. ನನಗೂ ಬಾಟಲಿ ಮುಂದೆ ಮಾಡಿದ್ದರು. ನನಗೆ ಓದಲು ಬರುತ್ತದೆ ಎಂದು ದೂರ ತಳ್ಳಿದ್ದೆ.

ನನ್ನದೊಂದು ಕೆಟ್ಟ ಚಾಳಿ. ಕಂಡಕ್ಟರ್ ಆದವನು ಎಲ್ಲವನ್ನೂ ಗಟ್ಟಿಯಾಗಿ ಹೇಳುತ್ತಾನೆ: ಊರಿನ ಹೆಸರು, ಟಿಕೀಟಿನ ದರ, ಮುಂದಿನ ನಿಲ್ದಾಣ. ಹುಕ್ಕೇರಿ, ಮೂಡಲಗಿ ಎಂದು ಕೂಗಿ ಕೂಗಿ ಬಾಯಿಗೆ ಅದೇ ರೂಢಿಯಾಗಿತ್ತು. ಯಂತ್ರದ ಮುಂದೆಯೂ ಅಂಕಿ ಒತ್ತುವಾಗ ಒಂದೊಂದನ್ನೂ ಬಾಯಿಬಿಟ್ಟು ಹೇಳುತ್ತಿದ್ದೆ. ಅವರು ಬೀದಿ ನೋಡುತ್ತಲೇ ಎಚ್ಚರಿಸುತ್ತಿದ್ದರು.

"ಕೈ ಅಡ್ಡ ಇಟ್ಕೋರಿ, ಸಾಹೇಬ್ರ. ಸ್ಟಾಪ್ ಬಂದಂಗ ಒದರಬ್ಯಾಡ್ರಿ."

ಮೂವತ್ತು ವರ್ಷ ಜನಕ್ಕೆ ಕಿಸೆ ನೋಡಿಕೊಳ್ಳಿ ಎಂದು ಹೇಳಿದವನು ನಾನು, ನನಗೇ ಹೇಳಲು ಬರುತ್ತೀಯಾ ಎಂದು ಗದರುತ್ತಿದ್ದೆ.

ಒಂದು ಪಿಂಚಣಿಯ ದಿನ ಕೊಣ್ಣೂರಿನಿಂದ ಬಂದು ಸಾಲಿನಲ್ಲಿ ನಿಂತೆ. ನನ್ನ ಸರದಿಗೆ ಯಂತ್ರ ಎರಡು ಸಲ ಹಣ ಕೊಡದೆ ಕಾರ್ಡು ಹೊರಗೆ ಹಾಕಿತು. ಕಾವಲುಗಾರರು ಹೊರಗೆ ಸಾಲು ಸರಿಪಡಿಸುತ್ತಿದ್ದಾಗ ಹಿಂದಿದ್ದ ಒಬ್ಬ ತರುಣ ಒಳಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ಮೆತ್ತನೆಯ ಮಾತು. ಅಜ್ಜಾರ, ಹಿಂಗ ತಿರುಗಿಸಿ ಹಾಕಬೇಕ್ರಿ ಎಂದು ನನ್ನ ಕೈಯಿಂದ ಕಾರ್ಡು ತೆಗೆದುಕೊಂಡ. ಎರಡು ದನಿ ಕೇಳಿ ಕಾವಲುಗಾರರು ತಿರುಗಿದರು. ಒಳಗೆ ಒಬ್ಬರೇ ಇರಬೇಕು ಎಂದರು. ಈ ಹುಡುಗ ನನಗೆ ಸಹಾಯ ಮಾಡುತ್ತಿದ್ದಾನೆ, ನೀನು ನಿನ್ನ ಬಾಗಿಲು ಕಾಯಿ ಎಂದು ನಾನೇ ಅವರನ್ನು ಹೊರಗೆ ಕಳಿಸಿದೆ. ಮತ್ತೆ ನಾಲ್ಕೂ ಅಂಕಿಗಳನ್ನು ಗಟ್ಟಿಯಾಗಿ ಹೇಳಿ ಒತ್ತಿದೆ. ಆಗಲೂ ಹಣ ಬರಲಿಲ್ಲ. ತರುಣ ಕಾರ್ಡು ಕೊಟ್ಟ. ಹೆಸರು ನೋಡದೆ ಕಿಸೆಗೆ ಹಾಕಿಕೊಂಡೆ.

ಸಂಜೆ ಸೊಸೆ ನನ್ನ ಮೊಬೈಲಿನ ಸಂದೇಶ ಓದಿದಳು. ಹುಕ್ಕೇರಿಯಲ್ಲಿ ಮೂರು ಸಲ ಹಣ ತೆಗೆದಿದ್ದರು. ಹೆಂಡತಿಯ ಕಣ್ಣಿನ ಆಪರೇಶನ್ನಿಗೆ ಇಟ್ಟದ್ದೂ ಹೋಗಿತ್ತು. ನನ್ನ ಕಿಸೆಯಲ್ಲಿದ್ದ ಕಾರ್ಡಿನ ಮೇಲೆ ಯಾರೋ ಹೆಣ್ಣುಮಗಳ ಹೆಸರಿತ್ತು. ಆಕೆಯೂ ನನ್ನಂತೆಯೇ ಮೋಸ ಹೋದವಳಿರಬೇಕು.

ಮರುದಿನ ಬ್ಯಾಂಕಿನಲ್ಲಿ, ಕಾರ್ಡನ್ನು ಯಾರ ಕೈಗಾದರೂ ಕೊಟ್ಟಿರಾ ಎಂದು ಮ್ಯಾನೇಜರ್ ಕೇಳಿದರು. ಪಕ್ಕದಲ್ಲಿ ಮಗ ನಿಂತಿದ್ದ. ಕೊಟ್ಟೆ, ಅಂಕಿಗಳನ್ನೂ ಒದರಿದೆ ಎಂದು ಹೇಳಲು ನಾಲಿಗೆ ಏಳಲಿಲ್ಲ. "ಕಾರ್ಡು ಕೆಳಗ ಬಿತ್ರಿ. ವಾಚಮನ್ ಎತ್ತಿಕೊಟ್ಟ" ಎಂದೆ.

ಅಷ್ಟೇ ಮಾತು. ಒಳಗಿನ ಕ್ಯಾಮೆರಾ ಆಗ ಕೆಟ್ಟಿತ್ತು. ಕಾವಲುಗಾರರನ್ನು ಕೆಲಸಕ್ಕಿಟ್ಟ ಗುತ್ತಿಗೆದಾರ ವಿಚಾರಣೆಗೆ ಕಾಯಲಿಲ್ಲ. ಮೂರು ದಿನದಲ್ಲಿ ಅವರನ್ನು ಕೆಲಸದಿಂದ ತೆಗೆದ.

ಮುಂದಿನ ತಿಂಗಳು ನಾನು ಹೊಸ ಕಾರ್ಡು ಹಿಡಿದು ಹೋದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ. ಒಬ್ಬ ಮುದುಕಿ ಮೆಟ್ಟಿಲ ಮೇಲೆ ಕುಳಿತಿದ್ದಳು. ಸೆರಗಿನ ಗಂಟಿನಲ್ಲಿ ಕೆಂಪು ಬೊಟ್ಟಿನ ಕಾರ್ಡು. ಯಾಕೆ ಒಳಗೆ ಹೋಗಿಲ್ಲ ಎಂದು ಕೇಳಿದೆ.

"ಕಾಕಾ ಇಲ್ಲಲ್ಲೋ ಯಪ್ಪಾ. ಬೆನ್ನ ಕಾಯವ್ರಿಲ್ಲದ ನಾ ಹೆಂಗ ಒತ್ಲಿ? ನೀನರ ಹೊರಗ ಮಾರಿ ಮಾಡಿ ನಿಂದ್ರು."

ನಿಂತೆ. ಅವರು ನಿಲ್ಲುತ್ತಿದ್ದ ಜಾಗದಲ್ಲೇ ನಿಂತೆ. ಅಲ್ಲಿಂದ ಆಟೋಗಳು ಕಾಣುತ್ತಿದ್ದವು, ಎದುರಿನ ಚಹಾದಂಗಡಿ ಕಾಣುತ್ತಿತ್ತು. ಯಂತ್ರ ಮಾತ್ರ ಕಾಣುತ್ತಿರಲಿಲ್ಲ. ಹಿಂದೆ ಮುದುಕಿ ಗುಂಡಿ ಒತ್ತುವ ಸದ್ದು ಕೇಳುತ್ತಿತ್ತು. ಆಕೆ ಹೊರಟ ಮೇಲೆ ನಾನು ಹಣ ತೆಗೆಯಲಿಲ್ಲ. ನೇರ ಬ್ಯಾಂಕಿಗೆ ಹೋಗಿ, ಒಂದು ಹಾಳೆ ಕೇಳಿ, ನಡೆದದ್ದೆಲ್ಲವನ್ನೂ ನನ್ನ ಕೈಯಾರೆ ಬರೆದುಕೊಟ್ಟೆ. ಅಲ್ಲಿಂದ ಬಸ್ಸು ಹಿಡಿದು ಕುಲಗೋಡಕ್ಕೆ ಹೋದೆ.

ಅವರು ಕಬ್ಬಿನ ಹೊಲದ ಬದುವಿನ ಮೇಲೆ ಕುರಿಗಳ ಜೊತೆ ಕುಳಿತಿದ್ದರು. ನಾನು ಕೈಮುಗಿದು ಎಲ್ಲ ಹೇಳಿದೆ.

"ಕೆಲಸ ಹೋದದ್ದ ಇರಲಿ ಬಿಡ್ರಿ," ಎಂದರು. "ಮೊನ್ನೆ ನನ್ನ ಸೊಸಿ ತನ್ನ ಕಾರ್ಡ ಗಂಡನ ಕೈಯಾಗ ಕೊಟ್ಟು, ಮಾವನ ಕಣ್ಣಿಗೆ ಬೀಳದಂಗ ಇಡ್ರಿ ಅಂದ್ಲು. ನಾ ಬಾಜೂ ಖೋಲ್ಯಾಗ ಇದ್ದೆ." ಕುರಿಯೊಂದನ್ನು ಕಬ್ಬಿನ ಕಡೆಯಿಂದ ತಿರುಗಿಸಿ ಮತ್ತೆ ಹೇಳಿದರು: "ಬ್ಯಾಂಕಿನ್ಯಾಗ ಬರದ ಕೊಟ್ರಿ, ಛಲೋ ಆತು. ನಮ್ಮ ಓಣ್ಯಾಗ ಯಾರ ಹೇಳವ್ರು?"

ಬಂದು ನಾನೇ ಹೇಳುತ್ತೇನೆ ಎನ್ನಬೇಕಿತ್ತು. ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದೆ.

ಎರಡು ತಿಂಗಳಿಗೆ ಅವರಿಗೆ ಅದೇ ಬಾಗಿಲು ಮತ್ತೆ ಸಿಕ್ಕಿತು. ಆ ತಿಂಗಳ ಪಿಂಚಣಿಯ ದಿನ ಹೋಗಲೋ ಬೇಡವೋ ಎನ್ನುತ್ತಲೇ ಹೋದೆ. ನನಗೂ ಬೆನ್ನು ತಿರುಗಿಸುತ್ತಾರೋ, ಇಲ್ಲ ಈ ಸುಳ್ಳುಗಾರನ ಮೇಲೆ ಕಣ್ಣಿಡುತ್ತಾರೋ ಎಂಬ ಅಳುಕು. ಅವರು ಎಂದಿನಂತೆ ಬೀದಿಗೆ ಮುಖ ಮಾಡಿದರು. ಅದೇ ಅಂಗಿ, ಅದೇ ಕಪ್ಪು ದಾರ. ಎಡಗೈ ಅಡ್ಡ ಹಿಡಿದು, ಬಾಯಿ ಮುಚ್ಚಿ ಒತ್ತಿದೆ. ಕಾರ್ಡು ಹೊರಬಂದಾಗ ಹೆಸರು ಓದಿದೆ.

"ಇವತ್ತ ಒಂದೂ ಸ್ಟಾಪ್ ಕೇಳಿಸ್ಲಿಲ್ಲಲ್ರಿ, ಸಾಹೇಬ್ರ," ಎಂದರು, ತಿರುಗದೆ.

"ಇಲ್ಲ, ಕಾಕಾ," ಎಂದೆ. ಕಿಟಕಿಯ ಬಾಟಲಿಯಿಂದ ನನ್ನ ಕಾರ್ಡಿಗೂ ಒಂದು ಬೊಟ್ಟು ಇಟ್ಟುಕೊಂಡೆ.

ಆಮೇಲೆ ಮೂರು ವರ್ಷ ಪ್ರತಿ ತಿಂಗಳೂ ಸಿಕ್ಕರು. ಓಣಿಯ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಎತ್ತಲಿಲ್ಲವಲ್ಲ ಎಂದು ನಾನೂ ಸುಮ್ಮನಿದ್ದೆ. ಒಳಗಿಡಬೇಕಾದ ಅಂಕಿಗಳನ್ನು ಊರಿಗೆಲ್ಲ ಕೇಳುವಂತೆ ಒದರಿದವನು, ಒದರಿ ಹೇಳಬೇಕಾದ ಮಾತನ್ನು ಒಳಗೇ ಇಟ್ಟುಕೊಂಡೆ.

ಕಳೆದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಸುದ್ದಿ ತಿಳಿದು ಕುಲಗೋಡಕ್ಕೆ ಮಣ್ಣಿಗೆ ಹೋದೆ. ಅಂಗಳದಲ್ಲಿ ಕುಳಿತ ಹಿರಿಯನೊಬ್ಬ ಪಕ್ಕದವನಿಗೆ ಹೇಳುತ್ತಿದ್ದ: "ಮನಶಾ ಛಲೋ ಇದ್ದ. ಆ ಕಾರ್ಡಿನ ಭಾನಗಡಿ ಒಂದ ಆತು ನೋಡು, ಅದ ಖರೆನೋ ಸುಳ್ಳೋ."

ಎದ್ದು ನಿಂತೆ. ತುಂಬಿದ ಬಸ್ಸಿನಲ್ಲಿ ಹಿಂದಿನ ಸೀಟಿನವರೆಗೆ ಮುಟ್ಟುತ್ತಿದ್ದ ದನಿ ಇನ್ನೂ ಉಳಿದಿತ್ತು.

"ಸುಳ್ಳು. ಆ ಸುಳ್ಳ ಹೇಳಿದಂವ ನಾನ. ಕಾರ್ಡ ಕೊಟ್ಟಂವ ನಾ, ನಂಬರ ಒದರಿದಂವ ನಾ. ಕಾಕಾ ನನ್ನ ಕಾರ್ಡ ಮುಟ್ಟೇ ಇಲ್ಲ. ಯಾರ ಕಾರ್ಡೂ ಮುಟ್ಟಿಲ್ಲ."

ಹೆಣದ ಹತ್ತಿರ ಕುಳಿತಿದ್ದ ಅವರ ಸೊಸೆ ಎದ್ದು ಬಂದು ನನ್ನ ಎದುರು ನಿಂತಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ.

"ಮಾವ ಇದ್ದಾಗ ಯಾಕ ಹೇಳಲಿಲ್ರಿ?" ಎಂದಳು. "ನಾ ಅವ್ರ ಮುಂದ ಪೆಟಿಗಿಗಿ ಕೀಲಿ ಹಾಕ್ಕೋತ ಬಂದೇನಿ."

ಬಸ್ಸಿಗೆ ಹೊತ್ತಾಯಿತು ಎಂದು ಈ ಸಲ ಹೊರಡಲಿಲ್ಲ. ಮಣ್ಣು ಮುಗಿಯುವ ತನಕ ಇದ್ದೆ.